ಶುಲ್ಕ ಕಟ್ಟಿದ ಮೇಲೆ ಕೆಲವೊಮ್ಮೆ ಮಾತ್ರ ಲಾಗಿನ್ ಪುಟ ಬರುತ್ತದೆ: ಬ್ರೌಸರ್ ಬದಲಿಸಬೇಕೆ?

ಬ್ರಹ್ಮಾವರದ ಅಂಗಡಿಯವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಅದರ ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಕೆಲಸವನ್ನೂ ಮಾಡುತ್ತೇನೆ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪರೀಕ್ಷಾ ಶುಲ್ಕ, ಕೆಲವು ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್, ಹೀಗೆ ಬೆಳಿಗ್ಗೆ ಬಾಗಿಲು ತೆರೆದಲ್ಲಿಂದ ರಾತ್ರಿಯವರೆಗೆ ಬ್ರೌಸರ್ ಎದುರಿಗೇ ಕುಳಿತಿರುತ್ತೇನೆ. ಕಂಪ್ಯೂಟರ್‌ಗಳು ಎರಡಿವೆ. ಒಂದರಲ್ಲಿ ವಿಂಡೋಸ್ 11 ಇದೆ, ಹಳೆಯದರಲ್ಲಿ ವಿಂಡೋಸ್ 7. ಎರಡರಲ್ಲೂ ಕ್ರೋಮ್ ಬಳಸುತ್ತಿದ್ದೇನೆ.

ನನ್ನ ತೊಂದರೆ ಹೀಗಿದೆ. ಒಂದು ಪೋರ್ಟಲ್‌ನಲ್ಲಿ (ಹೆಸರು ಬೇಡ) ಅರ್ಜಿ ತುಂಬಿಸಿ, ಬ್ಯಾಂಕಿನ ಪುಟಕ್ಕೆ ಹೋಗಿ ಶುಲ್ಕ ಕಟ್ಟಿದ ನಂತರ ತಾನಾಗಿಯೇ ಪೋರ್ಟಲ್‌ಗೆ ಹಿಂದಿರುಗಿ ರಶೀದಿ ತೋರಿಸಬೇಕು. ಹೆಚ್ಚಿನ ಸಲ ತೋರಿಸುತ್ತದೆ. ಕೆಲವು ಸಲ ಮಾತ್ರ ರಶೀದಿಯ ಬದಲು ಲಾಗಿನ್ ಪುಟ ಬಂದು ನಿಲ್ಲುತ್ತದೆ. ಗಿರಾಕಿಯ ಖಾತೆಯಿಂದ ಹಣ ಹೋಗಿರುತ್ತದೆ, ಪುನಃ ಲಾಗಿನ್ ಆಗಿ ನೋಡಿದರೆ ಅರ್ಜಿಯ ಮುಂದೆ ‘ಪಾವತಿ ಬಾಕಿ’ ಎಂದಿರುತ್ತದೆ. ಅದೇ ಕಂಪ್ಯೂಟರ್, ಅದೇ ಕ್ರೋಮ್, ಅದೇ ದಿನ, ಹಿಂದಿನ ಗಿರಾಕಿಯ ಅರ್ಜಿ ಸಲೀಸಾಗಿ ಆಗಿರುತ್ತದೆ. ವಿಚಿತ್ರವೆಂದರೆ ಕಾಲೇಜು ಮಕ್ಕಳ ಅರ್ಜಿಗಳಲ್ಲಿ ಇದು ಅಪರೂಪ, ವಯಸ್ಸಾದವರ ಅರ್ಜಿಗಳಲ್ಲಿ ಜಾಸ್ತಿ. ಯಂತ್ರಕ್ಕೆ ವಯಸ್ಸು ಗೊತ್ತಾಗುವುದು ಹೇಗೆ?

ಕ್ಯಾಶೆ ಅಳಿಸಿದ್ದೇನೆ, ಎಕ್ಸ್‌ಟೆನ್ಶನ್‌ಗಳನ್ನು ತೆಗೆದಿದ್ದೇನೆ, ಕ್ರೋಮ್ ಅನ್ನೇ ತೆಗೆದು ಹೊಸದಾಗಿ ಹಾಕಿದ್ದೇನೆ. ಸಹಾಯವಾಣಿಯವರು ಬೇರೆ ಬ್ರೌಸರ್ ಬಳಸಿ ಎಂದರು. ಎಡ್ಜ್‌ಗೆ ಹೋದೆ, ಅಲ್ಲಿಯೂ ಇದೇ ಕಥೆ. ಫೈರ್‌ಫಾಕ್ಸ್ ಹಾಕಿದರೆ ಜಿಎಸ್‌ಟಿಗೆ ಬೇಕಾದ ಡಿಜಿಟಲ್ ಸಹಿಯ ಟೋಕನ್ (ಸಹಿಯನ್ನು ಹೊತ್ತ ಯುಎಸ್‌ಬಿ ಕಡ್ಡಿ) ಅದರಲ್ಲಿ ಕಾಣಿಸುವುದೇ ಇಲ್ಲ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಂಗಡಿಯ ಕೆಲಸಕ್ಕೆ ಒಂದೇ ಬ್ರೌಸರ್ ನೆಚ್ಚಿಕೊಳ್ಳುವುದಾದರೆ ಯಾವುದು ಸೂಕ್ತ ಎಂಬುದನ್ನು ತಿಳಿದವರು ದಯವಿಟ್ಟು ಕಾರಣಸಹಿತ ತಿಳಿಸಬೇಕು.

ಹಂಪನಕಟ್ಟೆ ರಿಪೇರಿ

ಬ್ರೌಸರ್ ಆಯ್ಕೆ ಆಮೇಲಿನ ಮಾತು. ಮೊದಲು ಯಂತ್ರ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಮಂಗಳೂರಿನಲ್ಲಿ ನನ್ನ ಮೇಜಿಗೆ ‘ಬ್ರೌಸರ್ ಹಾಳಾಗಿದೆ’ ಎಂದು ಬರುವ ಕಂಪ್ಯೂಟರ್‌ಗಳಲ್ಲಿ ಬ್ರೌಸರಿನದೇ ದೋಷ ಇರುವುದು ಕಡಿಮೆ.

ಕರಾವಳಿಯಲ್ಲಿ ಮಳೆಗಾಲದ ಮಾಮೂಲಿ ಕಾಯಿಲೆಯೊಂದಿದೆ. ಮದರ್‌ಬೋರ್ಡಿನ ಮೇಲೆ ಸಿಆರ್ 2032 ಎಂಬ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ತೇವದ ಹವೆಗೆ ಆ ಬ್ಯಾಟರಿ ಕೂರುವ ತಗಡಿನ ಮೇಲೆ ಹಸಿರು ಕಿಲುಬು ಹಿಡಿದೋ, ಬ್ಯಾಟರಿಯೇ ಮುಗಿದೋ ಹೋಗಿದ್ದರೆ, ಗುಡುಗು ಬಂದು ಕರೆಂಟು ಹೋಗಿ ಬಂದೊಡನೆ ಕಂಪ್ಯೂಟರಿನ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಜಿಗಿದಿರುತ್ತದೆ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಕ್ಕೆ (ತಾಣ ಅಸಲಿ ಎಂದು ಬ್ರೌಸರಿಗೆ ತೋರಿಸುವ ಡಿಜಿಟಲ್ ಪತ್ರಕ್ಕೆ) ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ಗಡಿಯಾರ ತಪ್ಪಿದರೆ ಯಾವ ಬ್ರೌಸರ್ ಹಾಕಿದರೂ ‘ನಿಮ್ಮ ಸಂಪರ್ಕ ಖಾಸಗಿಯಲ್ಲ’ ಎಂಬ ಎಚ್ಚರಿಕೆಯೇ ಗತಿ. ಸ್ವಲ್ಪ ಹೊತ್ತಿನಲ್ಲಿ ವಿಂಡೋಸ್ ಅಂತರಜಾಲದಿಂದ ಸಮಯ ಸರಿಪಡಿಸಿಕೊಂಡರೆ ತೊಂದರೆ ತಾನಾಗಿ ಮಾಯವಾಗುತ್ತದೆ, ಹಾಗಾಗಿ ಜನ ಇದನ್ನು ದೆವ್ವದ ಕಾಟವೆಂದೇ ಭಾವಿಸುತ್ತಾರೆ. ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಇದನ್ನೊಮ್ಮೆ ನೋಡಿ.

ಎರಡನೆಯದು, ಕ್ರೋಮ್ ತೆಗೆದು ಪುನಃ ಹಾಕಿದೆ ಎಂದಿದ್ದೀರಿ. ತೆಗೆಯುವಾಗ ಬ್ರೌಸಿಂಗ್ ದತ್ತಾಂಶವನ್ನೂ ಅಳಿಸು ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ ಹಳೆಯ ಪ್ರೊಫೈಲ್ (ನಿಮ್ಮ ಸೆಟ್ಟಿಂಗ್, ಇತಿಹಾಸಗಳನ್ನು ಇಟ್ಟಿರುವ ಕಡತಗಳ ಗುಂಪು) ಹಾಗೆಯೇ ಉಳಿದು, ಹೊಸ ಕ್ರೋಮ್ ಅದನ್ನೇ ಎತ್ತಿಕೊಳ್ಳುತ್ತದೆ. ಯುಪಿಎಸ್ ಇಲ್ಲದ ಕಂಪ್ಯೂಟರ್ ಬರೆಯುತ್ತಿರುವ ನಡುವೆ ಆರಿಹೋದರೆ ಕೆಡುವುದು ಆ ಪ್ರೊಫೈಲ್ ಕಡತಗಳು. ಹೊಸ ಪ್ರೊಫೈಲ್ ಒಂದನ್ನು ತೆರೆದು ಅದರಲ್ಲಿ ಪರೀಕ್ಷಿಸುವುದು ಮರುಸ್ಥಾಪನೆಗಿಂತ ಬೇಗ ಮುಗಿಯುವ ಕೆಲಸ.

ಇನ್ನು ವಿಂಡೋಸ್ 7. ಅದಕ್ಕೆ ಸಿಗುವ ಕೊನೆಯ ಕ್ರೋಮ್ 109ನೆಯ ಆವೃತ್ತಿ, 2023ರ ಜನವರಿಯದು. ಅಂದಿನಿಂದ ಅದರಲ್ಲಿ ಪತ್ತೆಯಾದ ಸುರಕ್ಷತಾ ಲೋಪಗಳಿಗೆ ತೇಪೆ ಬಂದಿಲ್ಲ. ಫೈರ್‌ಫಾಕ್ಸ್‌ನಲ್ಲಿ 115ರ ಇಎಸ್‌ಆರ್ (ದೀರ್ಘಾವಧಿ ಬೆಂಬಲದ) ಸರಣಿಯೇ ಆ ವಿಂಡೋಸ್‌ಗೆ ಕೊನೆಯದು. ಹಣ ಕಟ್ಟುವ ಕೆಲಸವನ್ನು ಆ ಯಂತ್ರದಲ್ಲಿ ಮಾಡಬೇಡಿ. ಪ್ರಿಂಟು, ಸ್ಕ್ಯಾನಿಗೆ ಇರಲಿ.

ಮಣಿಪಾಲ ಪರೀಕ್ಷಕ

ಹಂಪನಕಟ್ಟೆಯವರು ಹೇಳಿದ್ದೆಲ್ಲ ಸರಿ, ಆದರೆ ಈ ಪ್ರಕರಣಕ್ಕೆ ಅದು ಕೂಡಿಬರುವುದಿಲ್ಲ ಎಂದು ನನ್ನ ಅಭಿಪ್ರಾಯ. ಗಡಿಯಾರ ತಪ್ಪಿದ್ದರೆ ಲಾಗಿನ್ ಪುಟವೇ ತೆರೆಯುತ್ತಿರಲಿಲ್ಲ. ಪ್ರೊಫೈಲ್ ಕೆಟ್ಟಿದ್ದರೆ ಅದೇ ದೋಷ ಎಡ್ಜ್‌ನಲ್ಲೂ ತಲೆಹಾಕುತ್ತಿರಲಿಲ್ಲ. ತಂತ್ರಾಂಶ ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡಾದುದರಿಂದ ‘ಕೆಲವೊಮ್ಮೆ ಮಾತ್ರ’ ಎಂಬ ಮಾತು ಕೇಳಿದರೆ ಕಿವಿ ನೆಟ್ಟಗಾಗುತ್ತದೆ. ಕಾರಣವಿಲ್ಲದೆ ಬಂದು ಹೋಗುವಂತೆ ಕಾಣುವ ದೋಷಕ್ಕೆ ಬಹುತೇಕ ಒಂದು ಷರತ್ತು ಇರುತ್ತದೆ, ಮತ್ತು ಆ ಷರತ್ತು ನಾವು ಗಮನಿಸುವ ಸಂಗತಿಗಳ ಪಟ್ಟಿಯ ಹೊರಗಿರುತ್ತದೆ.

ಸಹಾಯವಾಣಿಯವರು ಬ್ರೌಸರ್ ಬದಲಿಸಿ ಎಂದಾಗ ನೀವು ಕ್ರೋಮ್ ಬಿಟ್ಟು ಎಡ್ಜ್ ಹಿಡಿದಿರಿ. ಹೆಸರು ಬದಲಾಯಿತು, ಎಂಜಿನ್ (ಪುಟವನ್ನು ಓದಿ ಪರದೆಯ ಮೇಲೆ ಮೂಡಿಸುವ ಒಳಭಾಗ) ಬದಲಾಗಲಿಲ್ಲ. 2015ರಲ್ಲಿ ವಿಂಡೋಸ್ 10ರ ಜೊತೆ ಬಂದ ಎಡ್ಜ್‌ಗೆ ಮೈಕ್ರೋಸಾಫ್ಟ್‌ನ ಸ್ವಂತ ಎಂಜಿನ್ ಇತ್ತು. 2020ರ ಜನವರಿಯಿಂದ ಅದು ಕ್ರೋಮ್‌ನ ಬುನಾದಿಯಾದ ಕ್ರೋಮಿಯಂ ಮೇಲೆಯೇ ನಿಂತಿದೆ. ಒಪೆರಾ 2013ರಲ್ಲೇ ತನ್ನದನ್ನು ಕೈಬಿಟ್ಟು ಇತ್ತ ಬಂತು. ಬ್ರೇವ್, ವಿವಾಲ್ಡಿಗಳೂ ಇದೇ ಮನೆತನದವು. ವಿಂಡೋಸ್‌ನಲ್ಲಿ ನಿಜಕ್ಕೂ ಬೇರೆ ಎಂಜಿನ್ ಬೇಕೆಂದರೆ ಸಾಮಾನ್ಯರ ಕೈಗೆಟಕುವುದು ಗೆಕೊ ಬಳಸುವ ಫೈರ್‌ಫಾಕ್ಸ್ ಒಂದೇ. ಆದ್ದರಿಂದ ಕ್ರೋಮ್ ಮತ್ತು ಎಡ್ಜ್ ಎರಡರಲ್ಲೂ ವಿಫಲವಾದದ್ದು ಫೈರ್‌ಫಾಕ್ಸ್‌ನಲ್ಲಿ ಸಫಲವಾಗುತ್ತದೆಯೇ ಎಂಬುದು ಬೆಲೆಯುಳ್ಳ ಪರೀಕ್ಷೆ. ಕ್ರೋಮ್‌ನಿಂದ ಎಡ್ಜ್‌ಗೆ ಹೋಗುವುದು ಅಷ್ಟೇನೂ ಅಲ್ಲ.

ನಿಮ್ಮ ಕಡೆಯಿಂದ ಒಂದು ಮಾಹಿತಿ ಬೇಕು. ಬ್ಯಾಂಕಿನ ಪುಟ ತೆರೆದಲ್ಲಿಂದ ಪಾವತಿ ಮುಗಿಯುವವರೆಗೆ ಕಾಲೇಜು ಮಕ್ಕಳಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ವಯಸ್ಸಾದವರಿಗೆ ಎಷ್ಟು ಹೊತ್ತು?

ಬ್ರಹ್ಮಾವರದ ಅಂಗಡಿಯವ

ಇದನ್ನು ನಾನು ಯೋಚಿಸಿರಲೇ ಇಲ್ಲ. ಮಕ್ಕಳು ಫೋನ್ ಹಿಡಿದೇ ಬಂದಿರುತ್ತಾರೆ. ಯುಪಿಐ ಮೂಲಕ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಸುತ್ತಾರೆ. ಹಿರಿಯರ ವಿಷಯ ಬೇರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತಂದೆಯ ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಮುಂಬಯಿಯಲ್ಲೋ ದುಬೈಯಲ್ಲೋ ಇರುವ ಮಗನದು. ಓಟಿಪಿ ಅಲ್ಲಿಗೆ ಹೋಗುತ್ತದೆ. ಇವರು ಅಂಗಡಿಯ ಹೊರಗೆ ಹೋಗಿ ಫೋನ್ ಮಾಡಬೇಕು, ಅವನು ಡ್ಯೂಟಿಯಲ್ಲಿದ್ದರೆ ಕಾಯಬೇಕು, ಚೀಟಿಯಲ್ಲಿ ಬರೆದುಕೊಂಡು ಬಂದು ಒಂದೊಂದೇ ಅಂಕಿ ಒತ್ತಬೇಕು. ಮೂರ್ನಾಲ್ಕು ನಿಮಿಷವಾದರೂ ಬೇಕು. ಬ್ಯಾಂಕಿನ ಪುಟ ಅಷ್ಟು ಹೊತ್ತು ಕಾಯುತ್ತದೆ, ಹಣವೂ ಹೋಗುತ್ತದೆ. ಆದರೆ ಹಿಂದಿರುಗುವಾಗ ಲಾಗಿನ್ ಪುಟ.

ಮಣಿಪಾಲ ಪರೀಕ್ಷಕ

ಹಾಗಾದರೆ ಸಂಶಯ ಬಲವಾಯಿತು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಸಹಾಯವಾಣಿಗೆ ಬರೆಯುವಾಗ ನಿಮಗೆ ಬೇಕಾಗುತ್ತದೆ.

ನೀವು ಲಾಗಿನ್ ಆದಾಗ ಪೋರ್ಟಲ್ ನಿಮ್ಮ ಬ್ರೌಸರಿಗೆ ಒಂದು ಸೆಷನ್ ಕುಕಿ ಕೊಡುತ್ತದೆ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ಕೊಡುವ ಬಿಲ್ಲೆಯ ಹಾಗೆ. ಪ್ರತಿ ಪುಟ ಕೇಳುವಾಗಲೂ ಬ್ರೌಸರ್ ಅದನ್ನು ತೋರಿಸುವುದರಿಂದ ಪೋರ್ಟಲ್ ನಿಮ್ಮ ಗುರುತು ಹಿಡಿಯುತ್ತದೆ. ಬ್ಯಾಂಕಿನ ಪುಟದಿಂದ ಪೋರ್ಟಲ್‌ಗೆ ಹಿಂದಿರುಗುವ ಕೋರಿಕೆ ಮಾತ್ರ ಬೇರೆ ತಾಣದಿಂದ ಹೊರಡುತ್ತದೆ. ಹೀಗೆ ಬೇರೆ ತಾಣದಿಂದ ಬರುವ ಕೋರಿಕೆಗೆ ಕುಕಿ ಜೊತೆಗೂಡಬೇಕೇ ಬೇಡವೇ ಎಂಬುದನ್ನು ಪೋರ್ಟಲ್ ‘ಸೇಮ್‌ಸೈಟ್’ ಎಂಬ ಗುಣದ ಮೂಲಕ ಸೂಚಿಸಬೇಕು. ಮೊದಲೆಲ್ಲ ಏನೂ ಸೂಚಿಸದಿದ್ದರೆ ಬ್ರೌಸರ್‌ಗಳು ಕುಕಿಯನ್ನು ಕಳುಹಿಸುತ್ತಿದ್ದವು. 2020ರ ಫೆಬ್ರವರಿಯಲ್ಲಿ ಬಂದ ಕ್ರೋಮ್ 80ರಿಂದ, ಸೂಚನೆಯಿಲ್ಲದ ಕುಕಿಯನ್ನು ‘ಲ್ಯಾಕ್ಸ್’ ಎಂದು ಪರಿಗಣಿಸುವ ನಿಯಮ ಜಾರಿಗೆ ಬಂತು. ಬೇರೆಯವರ ತಾಣದಲ್ಲಿ ಕುಳಿತ ವಂಚಕ ನಿಮ್ಮ ಹೆಸರಿನಲ್ಲಿ ಕೋರಿಕೆ ಕಳುಹಿಸುವುದನ್ನು ತಡೆಯಲು ಮಾಡಿದ ಏರ್ಪಾಡು ಅದು, ಒಳ್ಳೆಯದೇ. (ಕೋವಿಡ್ ಕಾಲದಲ್ಲಿ ಅಗತ್ಯ ಸೇವೆಗಳ ತಾಣಗಳು ನಿಂತುಹೋಗಬಾರದೆಂದು ಅದನ್ನು ಅದೇ ಏಪ್ರಿಲ್‌ನಲ್ಲಿ ಹಿಂದೆಗೆದುಕೊಂಡು ಜುಲೈಯಲ್ಲಿ ಮತ್ತೆ ತಂದರು. ಆಗ ಎಷ್ಟು ತಾಣಗಳು ಇದಕ್ಕೆ ಸಿದ್ಧವಾಗಿರಲಿಲ್ಲ ಎಂಬುದನ್ನು ಇದರಿಂದಲೇ ಊಹಿಸಬಹುದು.)

ಲ್ಯಾಕ್ಸ್ ಕುಕಿ, ಬೇರೆ ತಾಣದಿಂದ ‘ಪೋಸ್ಟ್’ ವಿಧಾನದಲ್ಲಿ (ತುಂಬಿದ ಫಾರ್ಮ್ ಒಪ್ಪಿಸುವಂತೆ ಮಾಹಿತಿ ಕಳುಹಿಸುವ ರೀತಿಯಲ್ಲಿ) ಬರುವ ಕೋರಿಕೆಯ ಜೊತೆ ಹೋಗುವುದಿಲ್ಲ. ಪಾವತಿ ಪುಟಗಳು ಹಲವೆಡೆ ಹಿಂದಿರುಗುವುದೇ ಪೋಸ್ಟ್ ವಿಧಾನದಲ್ಲಿ. ನಿಯಮವನ್ನು ಕಟ್ಟುನಿಟ್ಟಾಗಿ ತಂದರೆ ಇಂಥ ಪಾವತಿಗಳೆಲ್ಲ ಮುರಿದು ಬೀಳುತ್ತವೆಂದು ಕ್ರೋಮಿಯಂನವರು ಒಂದು ತಾತ್ಕಾಲಿಕ ವಿನಾಯಿತಿ ಇಟ್ಟರು: ಸೇಮ್‌ಸೈಟ್ ಸೂಚನೆಯಿಲ್ಲದ ಕುಕಿ ಹುಟ್ಟಿ ಎರಡು ನಿಮಿಷ ದಾಟಿರದಿದ್ದರೆ ಪೋಸ್ಟ್ ಜೊತೆಗೂ ಹೋಗಬಹುದು. ಈಗ ನಿಮ್ಮ ಗಿರಾಕಿಗಳನ್ನು ನೆನಪಿಸಿಕೊಳ್ಳಿ. ಯುಪಿಐ ಹುಡುಗ ಎರಡು ನಿಮಿಷದೊಳಗೆ ಹಿಂದಿರುಗುತ್ತಾನೆ, ಕುಕಿ ಹೋಗುತ್ತದೆ, ರಶೀದಿ ಬರುತ್ತದೆ. ದುಬೈಯ ಮಗನಿಗೆ ಫೋನ್ ಮಾಡಿ ಬರುವ ತಂದೆಗೆ ಗಡುವು ಮೀರಿರುತ್ತದೆ. ಕುಕಿ ಇಲ್ಲದೆ ಬಂದವರು ಯಾರೆಂದು ಪೋರ್ಟಲ್‌ಗೆ ತಿಳಿಯದೆ ಲಾಗಿನ್ ಪುಟ ತೋರಿಸುತ್ತದೆ.

ಒಂದು ಆಕ್ಷೇಪ ಏಳಬಹುದು: ಅರ್ಜಿ ತುಂಬಿಸಲೇ ಎರಡು ನಿಮಿಷಕ್ಕಿಂತ ಹೆಚ್ಚು ಬೇಕಲ್ಲ, ಹಾಗಾದರೆ ಎಲ್ಲರದೂ ವಿಫಲವಾಗಬೇಕಿತ್ತು. ಆ ಪೋರ್ಟಲ್ ಪಾವತಿಗೆ ಕಳುಹಿಸುವ ಹಂತದಲ್ಲಿ ಹೊಸ ಮೌಲ್ಯದ (ಒಳಗಿನ ಗುರುತು ಬದಲಾದ) ಸೆಷನ್ ಕುಕಿಯನ್ನು ಮತ್ತೆ ಕೊಡುತ್ತಿರಬೇಕು. ಆಗ ಎರಡು ನಿಮಿಷದ ಎಣಿಕೆ ಅಲ್ಲಿಂದ ಶುರುವಾಗುತ್ತದೆ.

ಇದು ನನ್ನ ಊಹೆಯಾಗಿಯೇ ಉಳಿಯಬೇಕಾಗಿಲ್ಲ. ಕ್ರೋಮ್‌ನಲ್ಲಿ ಪೋರ್ಟಲ್ ತೆರೆದಿರುವಾಗ ಎಫ್ 12 ಒತ್ತಿ, ‘ಅಪ್ಲಿಕೇಶನ್’ ವಿಭಾಗದಲ್ಲಿ ಕುಕಿಗಳ ಪಟ್ಟಿ ನೋಡಿ. ಸೆಷನ್ ಕುಕಿಯ ಸಾಲಿನಲ್ಲಿ ಸೇಮ್‌ಸೈಟ್ ಕಾಲಂ ಖಾಲಿ ಇದ್ದರೆ ಅರ್ಧ ಉತ್ತರ ಸಿಕ್ಕಿತು. ನಂತರ ಚಿಕ್ಕ ಶುಲ್ಕದ ಅರ್ಜಿಯೊಂದನ್ನು ಕ್ರೋಮ್‌ನಲ್ಲಿ ಬೇಕೆಂದೇ ನಿಧಾನವಾಗಿ ಕಟ್ಟಿ, ಅಂಥದೇ ಇನ್ನೊಂದನ್ನು ಫೈರ್‌ಫಾಕ್ಸ್‌ನಲ್ಲಿ ಅಷ್ಟೇ ನಿಧಾನವಾಗಿ ಕಟ್ಟಿ. ಸೂಚನೆಯಿಲ್ಲದ ಕುಕಿಯನ್ನು ಲ್ಯಾಕ್ಸ್ ಎಂದು ಭಾವಿಸುವ ನಿಯಮವನ್ನು ಫೈರ್‌ಫಾಕ್ಸ್ ತನ್ನ ಸಾಮಾನ್ಯ ಆವೃತ್ತಿಯಲ್ಲಿ ಜಾರಿ ಮಾಡಿಲ್ಲ, ಹಾಗಾಗಿ ಅಲ್ಲಿ ರಶೀದಿ ಬರಬೇಕು.

ಹಾಗೆಂದು ಫೈರ್‌ಫಾಕ್ಸ್ ನಂಬಿದರೆ ತಲೆನೋವೇ ಇಲ್ಲವೆಂದು ತಿಳಿಯಬೇಡಿ. 2022ರ ಜನವರಿ 13ರಂದು ಜಗತ್ತಿನ ಬಹಳಷ್ಟು ಕಡೆ ಫೈರ್‌ಫಾಕ್ಸ್ ಇದ್ದಕ್ಕಿದ್ದಂತೆ ಯಾವ ಪುಟವನ್ನೂ ತೆರೆಯದೆ ನಿಂತುಬಿಟ್ಟಿತು. ಬಳಕೆದಾರರು ಏನನ್ನೂ ಬದಲಿಸಿರಲಿಲ್ಲ, ಹೊಸ ಆವೃತ್ತಿಯೂ ಬಂದಿರಲಿಲ್ಲ. ಮೊಜಿಲ್ಲಾ ಬಳಸುತ್ತಿದ್ದ ಕ್ಲೌಡ್ ಸೇವೆಯ ಕಡೆ ಆದ ಸಂರಚನೆಯ ಬದಲಾವಣೆಯೊಂದು, ಬ್ರೌಸರಿನ ಎಚ್‌ಟಿಟಿಪಿ 3 (ಪುಟಗಳನ್ನು ತರಿಸಿಕೊಳ್ಳುವ ಹೊಸ ವಿಧಾನ) ಭಾಗದಲ್ಲಿ ಮೊದಲೇ ಅಡಗಿದ್ದ ದೋಷವನ್ನು ಕೆಣಕಿ, ಅದು ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಕೊಂಡಿತ್ತು. ಅದೇ ದಿನವೇ ಸರಿಪಡಿಸಿದರು, ಆದರೆ ಆ ಕೆಲವು ಗಂಟೆ ಕೈಯಲ್ಲಿ ಕ್ರೋಮ್ ಇದ್ದವರ ಕೆಲಸ ನಡೆಯಿತು. ಒಂದೇ ಬ್ರೌಸರ್ ಯಾವುದು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಒಂದೇ ಬೇಡ. ಬೇರೆ ಬೇರೆ ಎಂಜಿನ್‌ನ ಎರಡು ಇರಲಿ.

ನಿವೃತ್ತ ಬ್ಯಾಂಕ್ ನೌಕರ, ಉಡುಪಿ

ಮಾನ್ಯರೆ, ತಾಂತ್ರಿಕ ವಿವರಣೆ ಚೆನ್ನಾಗಿದೆ. ಆದರೆ ಸಾರ್ವಜನಿಕರ ದಾಖಲೆ ಹಿಡಿದು ಕೂರುವ ಅಂಗಡಿಯಲ್ಲಿ ಎರಡೆರಡು ಬ್ರೌಸರ್ ಎಂದರೆ ಎರಡೆರಡು ಕಡೆ ಉಳಿದುಹೋಗುವ ಪಾಸ್‌ವರ್ಡ್, ಎರಡೆರಡು ಡೌನ್‌ಲೋಡ್ ಪಟ್ಟಿ ಎಂಬುದನ್ನು ಯಾರೂ ಹೇಳಲಿಲ್ಲ. ಪಾಸ್‌ವರ್ಡ್ ಉಳಿಸಲೇ ಎಂದು ಕೇಳುವ ಸೌಲಭ್ಯವನ್ನು ಎರಡರಲ್ಲೂ ಮೊದಲು ನಿಲ್ಲಿಸಿ. ಪ್ರತಿ ಗಿರಾಕಿಯ ಕೆಲಸವನ್ನು ಖಾಸಗಿ ಕಿಟಕಿಯಲ್ಲಿ ತೆರೆದು, ಮುಗಿದೊಡನೆ ಮುಚ್ಚಿ. ಖಾಸಗಿ ಕಿಟಕಿ ಮುಚ್ಚಿದರೂ ಡೌನ್‌ಲೋಡ್ ಆದ ಆಧಾರ್ ಪ್ರತಿ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಅದನ್ನು ಕೈಯಾರೆ ಅಳಿಸಬೇಕು.

ಓಟಿಪಿಯನ್ನು ಫೋನಿನಲ್ಲಿ ಹೇಳಿಸಿಕೊಂಡು ಚೀಟಿಯಲ್ಲಿ ಬರೆಯುವ ಪದ್ಧತಿ ನನಗೆ ಸುತರಾಂ ಒಪ್ಪಿಗೆಯಿಲ್ಲ. ತಂದೆಗೆ ಬಂದ ಕರೆ ಮಗನದೇ ಆಗಿರಬೇಕೆಂದಿಲ್ಲ, ಮಗನಿಗೆ ಹೋದ ಕರೆ ತಂದೆಯದೇ ಆಗಿರಬೇಕೆಂದೂ ಇಲ್ಲ. ಶಾಖೆಗೆ ಹೋಗಿ ಖಾತೆಗೆ ತಮ್ಮದೇ ಸಂಖ್ಯೆ ಜೋಡಿಸಿಕೊಳ್ಳುವಂತೆ ಆ ಹಿರಿಯರಿಗೆ ಹೇಳಿ. ಹಾಗೆ ಮಾಡಿದರೆ ನಿಮ್ಮ ಎರಡು ನಿಮಿಷದ ತೊಂದರೆಯೂ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಹಣ ಹೋಗಿ ‘ಬಾಕಿ’ ಎಂದು ತೋರಿಸಿದಾಗ ಗಾಬರಿಯಿಂದ ತಕ್ಷಣ ಎರಡನೆಯ ಸಲ ಕಟ್ಟಿಸಬೇಡಿ. ಹಲವು ಪೋರ್ಟಲ್‌ಗಳು ಬ್ರೌಸರ್ ಮರಳಿ ಬಾರದಿದ್ದರೂ ಬ್ಯಾಂಕಿನಿಂದ ನೇರವಾಗಿ ವಿವರ ತರಿಸಿಕೊಂಡು ಆಮೇಲೆ ಸರಿಪಡಿಸುತ್ತವೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಕಾರ್ಡಿನಿಂದ ಅಥವಾ ಯುಪಿಐಯಿಂದ ಹಣ ಕಡಿತವಾಗಿ ಪಡೆಯುವವರ ಕಡೆ ದೃಢೀಕರಣ ಸಿಗದಿದ್ದರೆ ವ್ಯವಹಾರದ ದಿನದ ನಂತರ 5 ದಿನಗಳೊಳಗೆ ಅದು ತಾನಾಗಿ ಖಾತೆಗೆ ಮರಳಬೇಕು; ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಗಿರಾಕಿಯ ವ್ಯವಹಾರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿ. ಯಾವ ಬ್ರೌಸರ್ ಎಂಬುದಕ್ಕಿಂತ ಅದು ನಿಮ್ಮನ್ನು ಹೆಚ್ಚು ಕಾಪಾಡುತ್ತದೆ.

ಬ್ರಹ್ಮಾವರದ ಅಂಗಡಿಯವ

ಎಲ್ಲರಿಗೂ ಧನ್ಯವಾದಗಳು. ಮಣಿಪಾಲದವರು ಹೇಳಿದಂತೆ ನೋಡಿದೆ. ಸೆಷನ್ ಕುಕಿಯ ಸಾಲಿನಲ್ಲಿ ಸೇಮ್‌ಸೈಟ್ ಕಾಲಂ ಖಾಲಿಯೇ ಇದೆ. ನನ್ನದೇ ಒಂದು ಅರ್ಜಿಯನ್ನು ಕ್ರೋಮ್‌ನಲ್ಲಿ ತುಂಬಿಸಿ, ಓಟಿಪಿ ಬಂದ ಮೇಲೆ ಗಡಿಯಾರ ನೋಡುತ್ತಾ ಕುಳಿತು ತಡವಾಗಿ ಒತ್ತಿದೆ: ಲಾಗಿನ್ ಪುಟ. ಮನೆಯವಳ ಅರ್ಜಿಯನ್ನು ಫೈರ್‌ಫಾಕ್ಸ್‌ನಲ್ಲಿ ಅಷ್ಟೇ ತಡಮಾಡಿ ಒತ್ತಿದೆ: ರಶೀದಿ. ಕ್ರೋಮ್‌ನಲ್ಲಿ ಕಟ್ಟಿದ್ದಕ್ಕೆ ಮರುದಿನ ‘ಪಾವತಿಯಾಗಿದೆ’ ಎಂದು ತಾನಾಗಿಯೇ ಬಂತು, ಉಡುಪಿಯ ಹಿರಿಯರು ಹೇಳಿದ ಹಾಗೆಯೇ.

ಓಟಿಪಿಯ ಬಗ್ಗೆ ಒಂದು ಸ್ಪಷ್ಟನೆ. ಅದನ್ನು ನಾನು ಕೇಳುವುದೂ ಇಲ್ಲ, ಒತ್ತುವುದೂ ಇಲ್ಲ. ಗಿರಾಕಿಯೇ ಕೀಬೋರ್ಡಿನ ಮುಂದೆ ಕುಳಿತು ಒತ್ತುತ್ತಾರೆ. ಸಂಖ್ಯೆ ಬದಲಿಸಿಕೊಳ್ಳಿ ಎಂದು ಹೇಳಿ ನೋಡಿದೆ. ‘ನನಗೆ ಆ ಮೆಸೇಜೆಲ್ಲ ನೋಡಲಿಕ್ಕೆ ಬರುವುದಿಲ್ಲ ಮಾರಾಯ, ಮಗನೇ ನೋಡಿಕೊಳ್ಳಲಿ’ ಎಂಬ ಉತ್ತರ ಬರುತ್ತದೆ.

ಸದ್ಯ ಆ ಪೋರ್ಟಲ್‌ನ ಪಾವತಿಗೆ ಫೈರ್‌ಫಾಕ್ಸ್, ಉಳಿದದ್ದಕ್ಕೆ ಕ್ರೋಮ್ ಎಂದು ಗೊತ್ತುಮಾಡಿಕೊಂಡಿದ್ದೇನೆ. ವಿಂಡೋಸ್ 7 ಯಂತ್ರವನ್ನು ಸ್ಕ್ಯಾನರಿಗೆ ಬಿಟ್ಟಿದ್ದೇನೆ. ಡಿಜಿಟಲ್ ಸಹಿಯ ಟೋಕನ್ ಫೈರ್‌ಫಾಕ್ಸ್‌ನಲ್ಲಿ ಕಾಣದಿರುವುದು ಮಾತ್ರ ಹಾಗೆಯೇ ಉಳಿದಿದೆ.

ಮಣಿಪಾಲ ಪರೀಕ್ಷಕ

ಟೋಕನ್‌ಗೆ ಫೈರ್‌ಫಾಕ್ಸ್ ಹಟ ಬೇಡ. ಕ್ರೋಮ್‌ನಲ್ಲಿ ನಡೆಯುತ್ತಿದ್ದರೆ ಅಲ್ಲಿಯೇ ನಡೆಯಲಿ. ಕಾರಣ ತಿಳಿಯಬೇಕೆಂದಿದ್ದರೆ ಹೇಳುತ್ತೇನೆ. ಸಹಿ ಹಾಕಿಸುವ ತಂತ್ರಾಂಶ ನಿಮ್ಮ ಕಂಪ್ಯೂಟರಿನೊಳಗೇ ಒಂದು ಪುಟ್ಟ ಸರ್ವರ್ ಆಗಿ ಕುಳಿತು, 127.0.0.1 ಎಂಬ ಒಳವಿಳಾಸದ ಮೂಲಕ ಜಾಲತಾಣದೊಡನೆ ಮಾತಾಡುತ್ತದೆ. ತನ್ನ ಪ್ರಮಾಣಪತ್ರವನ್ನು ಅದು ವಿಂಡೋಸ್‌ನ ಭಂಡಾರದಲ್ಲಿ ಸೇರಿಸಿದರೆ ಕ್ರೋಮ್, ಎಡ್ಜ್ ಒಪ್ಪಿಕೊಳ್ಳುತ್ತವೆ. ಫೈರ್‌ಫಾಕ್ಸ್ ನಂಬಿಕಸ್ಥರ ಪಟ್ಟಿಯನ್ನು ತನ್ನದೇ ಆಗಿ ಇಟ್ಟುಕೊಂಡಿರುತ್ತದೆ. ಅದರ ಗೌಪ್ಯತೆ ಮತ್ತು ಸುರಕ್ಷತೆಯ ಸೆಟ್ಟಿಂಗ್ಸ್‌ನ ಪ್ರಮಾಣಪತ್ರಗಳ ಭಾಗದಲ್ಲಿ, ನೀವು ಸ್ಥಾಪಿಸಿದ ಮೂರನೆಯವರ ಮೂಲ ಪ್ರಮಾಣಪತ್ರಗಳನ್ನು ನಂಬಲು ಅನುಮತಿಸುವ ಚೌಕವಿದೆ. ಅದಕ್ಕೆ ಗುರುತು ಇದೆಯೇ ನೋಡಿ. ಕ್ರೋಮ್‌ನ ಇತ್ತೀಚಿನ ಆವೃತ್ತಿಗಳು ಕೂಡ, ಜಾಲತಾಣವೊಂದು ಒಳವಿಳಾಸವನ್ನು ಸಂಪರ್ಕಿಸಲು ಹೊರಟರೆ ನಿಮ್ಮ ಅನುಮತಿ ಕೇಳತೊಡಗಿವೆ. ಆ ಪ್ರಶ್ನೆ ಬಂದಾಗ ಅವಸರದಲ್ಲಿ ‘ಬ್ಲಾಕ್’ ಒತ್ತಿದರೆ ಮರುದಿನದಿಂದ ಟೋಕನ್ ಅಲ್ಲಿಯೂ ಕಾಣದಾಗಬಹುದು.

ಪೋರ್ಟಲ್‌ನ ಸಹಾಯವಾಣಿಗೆ ಬರೆಯುವಾಗ ‘ಸೈಟ್ ಸರಿಯಿಲ್ಲ’ ಎಂದು ಬರೆಯಬೇಡಿ. ಸೆಷನ್ ಕುಕಿಗೆ ಸೇಮ್‌ಸೈಟ್ ಸೂಚನೆ ಇಲ್ಲದ ಕಾರಣ ಪಾವತಿ ಎರಡು ನಿಮಿಷ ಮೀರಿದಾಗ ಕ್ರೋಮ್ ಮತ್ತು ಎಡ್ಜ್‌ಗಳಲ್ಲಿ ಲಾಗಿನ್ ಕಳೆದುಹೋಗುತ್ತಿದೆ, ಸೇಮ್‌ಸೈಟ್ ‘ನನ್’ (None, ಬೇರೆ ತಾಣದಿಂದ ಬಂದರೂ ಕುಕಿ ಕಳುಹಿಸು ಎಂಬ ಸೂಚನೆ) ಮತ್ತು ‘ಸೆಕ್ಯೂರ್’ (Secure, ಸುರಕ್ಷಿತ ಸಂಪರ್ಕದಲ್ಲಿ ಮಾತ್ರ ಕಳುಹಿಸು ಎಂಬ ಸೂಚನೆ) ಎರಡನ್ನೂ ಸೇರಿಸಬೇಕು, ಇಲ್ಲವೇ ಮರಳುವ ಪುಟ ಕುಕಿಯನ್ನು ಅವಲಂಬಿಸದಂತೆ ಮಾಡಬೇಕು ಎಂದು ಬರೆಯಿರಿ. ಕುಕಿ ಪಟ್ಟಿಯ ಚಿತ್ರವನ್ನು ಲಗತ್ತಿಸಿ, ಆದರೆ ‘ವ್ಯಾಲ್ಯೂ’ ಕಾಲಂ ಅನ್ನು ಮುಚ್ಚಿ ಕಳುಹಿಸಿ. ಸೆಷನ್ ಮುಗಿಯುವ ಮುನ್ನ ಅದು ಬೇರೆಯವರ ಕೈಗೆ ಸಿಕ್ಕರೆ ನಿಮ್ಮ ಲಾಗಿನ್ ಅವರದಾಗುತ್ತದೆ.